ನಾಲ್ಕು ಗಂಟೆಯ ಮಾತ್ರೆ

ತಂಗಿ ಹಿಡಿದಿದ್ದ ಬೆಡ್‌ಶೀಟಿನ ತುದಿ ಮತ್ತೆ ನೆಲ ಮುಟ್ಟಿತು. ಬೆಳಿಗ್ಗೆಯಿಂದ ಇದು ಐದನೆಯ ಸಲ.

"ಎತ್ತೇ! ಕೈಯಲ್ಲಿ ಜೀವ ಇಲ್ವಾ ನಿಂಗೆ?" ಅಕ್ಕ ಕಿರುಚಿದಳು.

ನೆಲ ಮುಟ್ಟಿದ ಬೆಡ್‌ಶೀಟು ಮತ್ತೆ ಒಗೆಯಲು ಹೋಗಬೇಕು. ತಂಗಿ ಬಗ್ಗಿ ಎತ್ತಿಕೊಂಡಳು. ಏಳುವಾಗ ಗೋಡೆ ಹಿಡಿದುಕೊಂಡಳು. ಅದನ್ನು ನೋಡಿ ಅಕ್ಕನಿಗೆ ಇನ್ನಷ್ಟು ಮೈ ಉರಿಯಿತು. ಮೂವತ್ತೆರಡರ ಹೆಂಗಸು ಮುದುಕಿಯ ಹಾಗೆ ಗೋಡೆ ಹಿಡಿಯುವುದೆಂದರೇನು!

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಮಡಿಸುವುದು ಇಬ್ಬರ ಕೆಲಸ. ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು, ಒಮ್ಮೆ ಝಾಡಿಸಿ ಎಳೆಯಬೇಕು, ಮಡಿಸುತ್ತ ಹತ್ತಿರ ಬಂದು ಒಬ್ಬಳ ಕೈಗೆ ಕೊಟ್ಟು ಹಿಂದೆ ಸರಿಯಬೇಕು. ಒಬ್ಬಳ ಕೈ ಸೋತರೆ ಇಬ್ಬರೂ ಹಿಂದೆ ಬೀಳುತ್ತಾರೆ. ಏಳು ವರ್ಷ ಈ ಅಕ್ಕ ತಂಗಿಯರ ಜೋಡಿಯನ್ನು ಮೀರಿಸಿದವರೇ ಅಲ್ಲಿರಲಿಲ್ಲ. ಈಗ ಎಂಟು ತಿಂಗಳಿಂದ ಇವರೇ ಎಲ್ಲರಿಗಿಂತ ಹಿಂದೆ.

ತಂಗಿಗೆ ಸುಸ್ತು. ಎದ್ದರೆ ಸುಸ್ತು, ಕೂತರೆ ಸುಸ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ. ಕಾರಣ ಹೇಳುವವರಿಗೇನು ಬರವೇ? ಮೊಬೈಲು ನೋಡೋದು ಕಮ್ಮಿ ಮಾಡು ಅಂದ ಅವಳ ಗಂಡ. ನಮ್ಮ ಕಾಲದಲ್ಲಿ ಸುಸ್ತಾಗೋಕೂ ಪುರುಸೊತ್ತು ಇರ್ತಿರಲಿಲ್ಲ ಅಂದರು ಅತ್ತೆ. ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು: ಮೈಗಳ್ಳಿ. ಅದರ ಮೇಲೆ ಇನ್ನೊಂದು ಅಸಹ್ಯ ಬೇರೆ. ಬಟ್ಟೆಗೆ ಹಾಕುವ ಗಂಜಿಪುಡಿಯ ಹೆಂಟೆಗಳನ್ನು ಜೇಬಿನಲ್ಲಿಟ್ಟುಕೊಂಡು ಕಟುಂ ಕಟುಂ ಎಂದು ತಿನ್ನುತ್ತಿದ್ದಳು. ಎಷ್ಟು ಬೈದರೂ ಬಿಡಲಿಲ್ಲ.

ಮೂರು ತಿಂಗಳಿಗೊಮ್ಮೆ ಲಾಂಡ್ರಿಗೆ ಬರುವ ಡಾಕ್ಟರು ಕುರ್ಚಿಯಿಂದ ಏಳದೆ ನಲವತ್ತು ಜನರನ್ನು ಮುಗಿಸುವವರು. ತಂಗಿಯ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಕಮ್ಮಿ, ಕಬ್ಬಿಣದ ಮಾತ್ರೆ" ಎಂದು ಬರೆದುಕೊಟ್ಟಿದ್ದರು. ಹೆಂಗಸರು ಮಾತ್ರೆ ಎಸೆದುಬಿಡುತ್ತಾರೆ ಎಂದು ಮೇಸ್ತ್ರಿಗೆ ಅನುಮಾನ. ಹಾಗಾಗಿ ಆತನದೊಂದು ನಿಯಮ: ನಾಲ್ಕು ಗಂಟೆಗೆ ಚಹಾ ಬಂದಾಗ ಮಾತ್ರೆಯವರೆಲ್ಲ ಸಾಲಾಗಿ ನಿಲ್ಲಬೇಕು, ಅವನೆದುರೇ ಬಾಯಿಗೆ ಹಾಕಿಕೊಂಡು ಚಹಾ ಕುಡಿದು, ಬಾಯಿ ತೆರೆದು ತೋರಿಸಬೇಕು. ಆರು ತಿಂಗಳಲ್ಲಿ ತಂಗಿ ಒಂದು ದಿನವೂ ತಪ್ಪಿಸಲಿಲ್ಲ. ಅವಳಿಗೆ ಚಹಾ ತಂದುಕೊಡುತ್ತಿದ್ದವಳು ಅಕ್ಕನೇ. ಬೈಗುಳ ಎಷ್ಟೇ ಇರಲಿ, ಶಕ್ತಿ ಬರಲಿ ಎಂದು ಸ್ಟ್ರಾಂಗ್ ಮಾಡಿಸಿ ದೊಡ್ಡ ಲೋಟದಲ್ಲಿ ತರುತ್ತಿದ್ದಳು.

ಆ ಶುಕ್ರವಾರ, ಐದನೆಯ ಬೆಡ್‌ಶೀಟು ಬಿದ್ದ ಮೇಲೆ, ಅಕ್ಕ ನೆಟ್ಟಗೆ ಮೇಸ್ತ್ರಿಯ ಕೋಣೆಗೆ ಹೋದಳು.

"ನಂಗೆ ಬೇರೆ ಜೋಡಿ ಕೊಡಿ. ಇವಳ ಜೊತೆ ನನ್ನ ಕೈಲಾಗಲ್ಲ."

ಆತ ಇದಕ್ಕೇ ಕಾದಿದ್ದವನಂತೆ ಪುಸ್ತಕ ತೆಗೆದ. "ಸೋಮವಾರದಿಂದ ಹೊಸಬಳು ನಿನ್ನ ಜೊತೆ. ನಿನ್ನ ತಂಗಿ ಕೆಳಗೆ ತೊಟ್ಟಿಗೆ."

ತೊಟ್ಟಿ ಎಂದರೆ ಬಟ್ಟೆ ನೆನೆಹಾಕುವ ಜಾಗ. ಒದ್ದೆ ಹೊರೆ ಎತ್ತಿ ಎತ್ತಿ ಗಟ್ಟಿಮುಟ್ಟಾದವರೇ ಕೆಲಸ ಬಿಟ್ಟು ಹೋಗುತ್ತಿದ್ದರು. ತಂಗಿಯನ್ನು ಅಲ್ಲಿಗೆ ಹಾಕುವುದೂ ಕೆಲಸದಿಂದ ತೆಗೆಯುವುದೂ ಎರಡೂ ಒಂದೇ. ಅದು ಅಕ್ಕನಿಗೂ ಗೊತ್ತಿತ್ತು. ಆದರೂ ಆಡಿದ ಮಾತು ವಾಪಸ್ಸು ತೆಗೆದುಕೊಳ್ಳಲಿಲ್ಲ, ಅಷ್ಟು ಸಿಟ್ಟಿತ್ತು.

ಮರುದಿನ ಬೆಳಿಗ್ಗೆ ಮೂಲೆ ಹಿಡಿದು ನಿಂತ ತಂಗಿ ಹಾಗೇ ಕುಸಿದು ಕೂತಳು. ತುಟಿ ಬಿಳಿಚಿತ್ತು. ಅಕ್ಕ ಅವಳನ್ನು ಎಬ್ಬಿಸಿ, ರಟ್ಟೆ ಹಿಡಿದು, ಎರಡು ಬೀದಿ ಆಚೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಬಾಯಿ ಮಾತ್ರ ನಿಲ್ಲಲಿಲ್ಲ. "ನಾಟಕ ಅಂತ ಗೊತ್ತಾಗ್ಲಿ, ಅಲ್ಲೇ ಬಿಟ್ಟು ಬರ್ತೀನಿ ನೋಡು."

ಕ್ಲಿನಿಕ್ಕಿನ ಡಾಕ್ಟರಮ್ಮ ಏನಾಗ್ತಿದೆ ಎಂದು ಕೇಳಿದ್ದೇ ತಡ, ಅಕ್ಕ ಶುರು ಮಾಡಿದಳು. "ಏನಿಲ್ಲ ಡಾಕ್ಟ್ರೇ, ಇವಳು ಮೊದ್ಲಿಂದ್ಲೂ ಸ್ವಲ್ಪ ಸೋಮಾರಿ..."

"ನಾನು ಕೇಳಿದ್ದು ಅವರನ್ನ."

ನಿದ್ದೆ ಬರುತ್ತಾ, ತೂಕ ಏರಿದೆಯಾ, ಚಳಿ ಜಾಸ್ತಿ ಅನ್ಸುತ್ತಾ ಎಂದೆಲ್ಲ ಡಾಕ್ಟರಮ್ಮ ಒಂದೊಂದಾಗಿ ಕೇಳಿದರು.

"ಮುಟ್ಟು ಎಷ್ಟು ದಿನ ಇರುತ್ತೆ?"

"ಹತ್ತು, ಹನ್ನೆರಡು ದಿನ. ತುಂಬಾ ಹೋಗುತ್ತೆ. ಒಂದು ವರ್ಷದಿಂದ ಹೀಗೇ."

"ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ."

"ಮಣ್ಣು, ಬಳಪ, ಅಂಥದ್ದೇನಾದ್ರೂ ತಿನ್ನಬೇಕು ಅನ್ಸುತ್ತಾ?"

ತಂಗಿ ಅಕ್ಕನ ಕಡೆ ಹೆದರಿ ನೋಡಿದಳು. "ಗಂಜಿಪುಡಿ."

"ಅದು ಕೆಟ್ಟ ಚಾಳಿ ಅಲ್ಲಮ್ಮ. ಮೈಯಲ್ಲಿ ಕಬ್ಬಿಣ ಇಲ್ದೇ ಹೋದ್ರೆ ಎಷ್ಟೋ ಜನಕ್ಕೆ ಹಾಗಾಗುತ್ತೆ."

ರಕ್ತ ತೆಗೆದರು, ವರದಿ ಬರುವಾಗ ಮಧ್ಯಾಹ್ನ ಮೂರು ದಾಟಿತ್ತು. ಹಿಮೋಗ್ಲೋಬಿನ್ ಹನ್ನೆರಡಾದರೂ ಇರಬೇಕಾದ ಜಾಗದಲ್ಲಿ ಏಳಿತ್ತು. ಇಷ್ಟರಲ್ಲಿ ನೀವು ನಿಂತು ಕೆಲಸ ಮಾಡ್ತಿದ್ದದ್ದೇ ದೊಡ್ಡದು ಎಂದರು ಡಾಕ್ಟರಮ್ಮ. ಆರು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ ಎಂದು ತಂಗಿ ಹೇಳಿದಾಗ, ಅದನ್ನು ಹೇಗೆ ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳಿದರು. ಚಹಾ ಜೊತೆ ಎಂದಳು ತಂಗಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಚಹಾ ಜೊತೆ ನುಂಗಿದ್ರೆ ಬಹುಪಾಲು ಮೈಗೆ ಹತ್ತೋದೇ ಇಲ್ಲ. ಕೊಡದ ತಳ ತೂತು, ಮೇಲಿಂದ ಸುರಿದದ್ದೂ ಒಳಗೆ ಹೋಗ್ಲಿಲ್ಲ."

ಇನ್ನು ಮೇಲೆ ಮಾತ್ರೆ ನೀರಿನ ಜೊತೆ, ಇಲ್ಲವೇ ನಿಂಬೆರಸದ ಜೊತೆ. ಚಹಾಗೂ ಅದಕ್ಕೂ ಎರಡು ಗಂಟೆ ಅಂತರ. ಬೇಗ ಏರಲಿ ಎಂದು ರಕ್ತನಾಳಕ್ಕೇ ಒಂದಿಷ್ಟು ಕಬ್ಬಿಣ. ರಕ್ತ ಯಾಕಿಷ್ಟು ಹೋಗುತ್ತಿದೆ ಎಂದು ನೋಡಲು ಸ್ಕ್ಯಾನು, ಜೊತೆಗೆ ಥೈರಾಯ್ಡ್ ಪರೀಕ್ಷೆ. ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ. ಅಷ್ಟನ್ನೂ ಚೀಟಿಯಲ್ಲಿ ಬರೆದುಕೊಟ್ಟರು.

ಬೀದಿಗೆ ಬಂದ ಅಕ್ಕನಿಗೆ ಯಾರ ಮೇಲೆ ಕೂಗಾಡಬೇಕೆಂದೇ ತಿಳಿಯಲಿಲ್ಲ. ಕುರ್ಚಿಯಿಂದೇಳದ ಆ ಡಾಕ್ಟರನ ಮೇಲೆ ಸಿಟ್ಟು. ಬಾಯಿ ತೆರೆಸಿ ನೋಡಿದ ಮೇಸ್ತ್ರಿಯ ಮೇಲೆ ಸಿಟ್ಟು. ಒಂದೇ ಮನೆಯಲ್ಲಿದ್ದೂ ಕಾಣದ ತಂಗಿಯ ಗಂಡನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು, ಆರು ತಿಂಗಳು ಆ ದೊಡ್ಡ ಲೋಟ ಹೊತ್ತು ತಂದ ತನ್ನದೇ ಕೈ ಮೇಲೆ. ಒಂದೊಂದು ಬೆಡ್‌ಶೀಟಿಗೂ ಎದುರೇ ನಿಂತು ಆ ಮುಖ ನೋಡಿದವಳು ತಾನಲ್ಲವೇ?

ಇಬ್ಬರೂ ಲಾಂಡ್ರಿ ತಲುಪುವಾಗ ನಾಲ್ಕು ಗಂಟೆ. ಮಾತ್ರೆಯ ಸಾಲು ನಿಂತಿತ್ತು. ತಂಗಿಯನ್ನು ಗೇಟಿನ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಅಕ್ಕ ಒಳಗೆ ಹೋಗಿ ಮೇಸ್ತ್ರಿಯ ಮುಂದೆ ಚೀಟಿ ಇಟ್ಟಳು. ಆತ ಅರ್ಧ ಓದಿ ಹಿಂದಕ್ಕೆ ತಳ್ಳಿದ.

"ಬೇರೆ ಜೋಡಿ ಬೇಕು ಅಂದಿದ್ದು ನೀನೇ. ಬರೆದಾಗಿದೆ. ತೊಟ್ಟಿಗೆ ಒಬ್ರು ಬೇಕೇ ಬೇಕು. ಮಾತ್ರೆ ನಾಲ್ಕು ಗಂಟೆಗೇ, ನಿಯಮ ಅಂದ್ರೆ ನಿಯಮ."

"ನಿನ್ನ ನಿಯಮಕ್ಕಿಷ್ಟು ಬೆಂಕಿ ಹಾಕ!" ಏಳು ವರ್ಷದಲ್ಲಿ ಅಕ್ಕ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಆರು ತಿಂಗ್ಳು ಬಾಯಿ ತೆಗೆಸಿ ತೆಗೆಸಿ ನೋಡಿದ್ಯಲ್ಲ, ಒಂದು ದಿನನಾದ್ರೂ ಮುಖ ನೋಡಿದ್ಯಾ? ಮಾತ್ರೆ ನುಂಗಿದ್ಲಾ ಅಂತ ಕಾವಲು ಕಾದೆ. ಮೈಗೆ ಹತ್ತಿತಾ ಅಂತ ಕೇಳಿದ್ಯಾ?"

ಮಡಿಸುತ್ತಿದ್ದ ಕೈಗಳೆಲ್ಲ ನಿಂತವು. ಸಾಲಿನಲ್ಲಿದ್ದ ಹೆಂಗಸರು ಲೋಟಗಳನ್ನು ಮೇಜಿನ ಮೇಲಿಟ್ಟರು. ಒಬ್ಬಳು ಹೋಗಿ ನೀರು ಹಿಡಿದುಕೊಂಡು ಬಂದಳು. ಮೇಸ್ತ್ರಿ ಅವರನ್ನು ನೋಡಿ ಪುಸ್ತಕ ಹತ್ತಿರ ಎಳೆದುಕೊಂಡ.

"ಒಬ್ರು ಬೇಕು ತಾನೆ? ತೊಟ್ಟಿಗೆ ನನ್ನ ಹೆಸ್ರು ಬರಿ," ಎಂದಳು ಅಕ್ಕ. "ಅವಳು ಇಲ್ಲೇ ಕೂತು ದಿಂಬಿನ ಕವರ್ ಮಡಿಸ್ಲಿ. ಬರಿ, ನಾನು ನೋಡ್ತೀನಿ."

ಆತ ಹಲ್ಲು ಕಡಿಯುತ್ತ ಬರೆದ.

ಅಕ್ಕ ಹೊರಗೆ ಬಂದಳು. ಬೆಂಚಿನ ಮೇಲೆ ತಂಗಿ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಮುಚ್ಚಿಟ್ಟು ಏನು ಪ್ರಯೋಜನ? ಅಕ್ಕ ಪಕ್ಕದಲ್ಲಿ ಕೂತು ಹೇಳಿಬಿಟ್ಟಳು. "ಬೇರೆ ಜೋಡಿ ಕೊಡಿ ಅಂತ ಕೇಳಿದ್ದು ನಾನೇ ಕಣೇ. ನಿನ್ನನ್ನ ತೊಟ್ಟಿಗೆ ಹಾಕ್ತಾನೆ ಅಂತ ಗೊತ್ತಾದ ಮೇಲೂ ಸುಮ್ನಿದ್ದೆ."

"ಗೊತ್ತು. ನಿನ್ನೆ ಬಾಗಿಲ ಹತ್ರಾನೇ ಇದ್ದೆ."

"ಮತ್ತೆ ಒಂದು ಮಾತೂ ಬೈಲಿಲ್ವಲ್ಲೇ!"

"ಬೈಯೋಕೂ ಶಕ್ತಿ ಬೇಕಲ್ಲಕ್ಕಾ." ತಂಗಿ ಕಣ್ಣು ಬಿಟ್ಟಳು. ಆ ಕಣ್ಣಿನಲ್ಲಿ ನಗು ಇರಲಿಲ್ಲ. "ರಕ್ತ ಸ್ವಲ್ಪ ಏರ್ಲಿ, ನಿನ್ನ ಗ್ರಹಚಾರ ಬಿಡಿಸ್ತೀನಿ."