ಇಪ್ಪತ್ತಾರು ಅರ್ಜಿ, ಒಂದೇ ಕೈ

ಮುತ್ತುಗದೊಡ್ಡಿಯ ಅಂಗನವಾಡಿ ಟೀಚರ್ ಗಿರಿಜಾಂಬ ಊರಿನವರ ಕೈಬರಹವನ್ನು ಕಣ್ಣುಮುಚ್ಚಿ ಗುರುತಿಸಬಲ್ಲವಳು. ಹತ್ತೊಂಬತ್ತು ವರ್ಷದಿಂದ ಅವರ ಸಹಿಗಳನ್ನೂ ಹೆಬ್ಬೆಟ್ಟುಗಳನ್ನೂ ತಾನೇ ಹಾಕಿಸಿಕೊಂಡಿದ್ದಳು. ಹಾಗಾಗಿ ೨೦೧೦ರ ಜನವರಿಯಲ್ಲಿ, ಮತದಾರರ ಪಟ್ಟಿಗೆ ಹೆಸರು ಸೇರಿಸಿ ಎಂದು ಬಂದ ಅರ್ಜಿಗಳ ಕಟ್ಟು ಬಿಚ್ಚಿದಾಗ ಅವಳಿಗೆ ಎರಡನೆಯ ಹಾಳೆಗೇ ಅನುಮಾನ ಹತ್ತಿತು. ಇಪ್ಪತ್ತಾರು ಅರ್ಜಿ. ಎಲ್ಲವೂ ಹೆಂಗಸರವು. ಎಲ್ಲದರ ಮೇಲೂ ಒಂದೇ ನೀಲಿ ಶಾಯಿ, ಬಾಲ ಉದ್ದ ಎಳೆದ ಅದೇ 'ಮ'. ವಿಳಾಸವೂ ಒಂದೇ: ಪುಟ್ಟಸ್ವಾಮಿಯ ವಠಾರ.

ಆ ಕೈ ಊರಿನ ಯಾರದ್ದೂ ಅಲ್ಲ ಎಂಬುದು ಮಾತ್ರ ಅವಳಿಗೆ ಖಚಿತವಾಗಿತ್ತು.

ಹಾರೋಹಳ್ಳಿಯ ಕಾರ್ಖಾನೆಗಳು ಒಂದೊಂದಾಗಿ ಊರಿನ ಬೇಲಿಯವರೆಗೂ ಬಂದಿದ್ದ ಕಾಲ ಅದು. ಪುಟ್ಟಸ್ವಾಮಿಯ ರಾಗಿಹೊಲದ ಅರ್ಧ ಕಾರ್ಖಾನೆಗೆ ಹೋಗಿತ್ತು. ಉಳಿದರ್ಧದಲ್ಲಿ ಅವನು ಶೀಟು ಹೊದಿಸಿದ ಹದಿನಾಲ್ಕು ರೂಮುಗಳನ್ನು ಸಾಲಾಗಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಮೇ ತಿಂಗಳಲ್ಲಿ ಪಂಚಾಯ್ತಿ ಎಲೆಕ್ಷನ್ನು. ಊರಿನ ಸೀಟು ಈ ಸಲ ಹೆಂಗಸರಿಗೆ ಮೀಸಲಾಗುತ್ತದೆ ಎಂಬ ಸುದ್ದಿ ಹಬ್ಬಿ, ಪುಟ್ಟಸ್ವಾಮಿ ತನ್ನ ಸೊಸೆಯನ್ನೂ, ಹಾಲಿ ಮೆಂಬರು ಅನಂತರಾಜು ತನ್ನ ಹೆಂಡತಿಯನ್ನೂ ನಿಲ್ಲಿಸುವುದೆಂದು ಆಗಲೇ ಮಾತಾಗಿತ್ತು. ಹೋದ ಸಲ ಅನಂತರಾಜು ಗೆದ್ದದ್ದು ಹನ್ನೊಂದು ಓಟಿನಲ್ಲಿ. ಇಪ್ಪತ್ತಾರು ಎಂದರೆ ಆಟವೇ ತಿರುಗಿಬೀಳುವ ಲೆಕ್ಕ.

ಹೊಸಬರು ಯಾರು, ಸತ್ತವರು ಯಾರು, ಊರು ಬಿಟ್ಟವರು ಯಾರು ಎಂದು ಮನೆಮನೆಗೆ ಹೋಗಿ ನೋಡಿ ತಾಲ್ಲೂಕು ಕಚೇರಿಗೆ ವರದಿ ಕೊಡುವ ಕೆಲಸ ಎರಡು ವರ್ಷದಿಂದ ಗಿರಿಜಾಂಬಳ ಕೊರಳಿಗೆ ಬಿದ್ದಿತ್ತು. ಅರ್ಜಿಗಳ ವಿಷಯ ಹೇಗೋ ತಿಳಿದುಕೊಂಡ ಅನಂತರಾಜು ಮಾರನೇ ಬೆಳಗ್ಗೆಯೇ ಅಂಗನವಾಡಿ ಬಾಗಿಲಿಗೆ ಬಂದು ನಿಂತ.

"ಟೀಚರಮ್ಮ, ಇವೆಲ್ಲಾ ಬೋಗಸ್ಸು. ಆ ವಠಾರದಲ್ಲಿ ಒಂದು ನರಪಿಳ್ಳೆ ಇಲ್ಲ. ಬೇಕಾದ್ರೆ ನೀವೇ ಹೋಗಿ ನೋಡ್ಕೊಂಡ್ ಬನ್ನಿ," ಎಂದ.

ಅವನು ಅಷ್ಟು ಆತುರ ಪಟ್ಟದ್ದೂ ಅವಳಿಗೆ ಹಿಡಿಸಲಿಲ್ಲ. ಆದರೂ ಮಕ್ಕಳನ್ನು ಮನೆಗೆ ಕಳಿಸಿ ಮಧ್ಯಾಹ್ನ ಎರಡಕ್ಕೆ ಹೋದಳು. ಹದಿನಾಲ್ಕು ಬಾಗಿಲಿಗೆ ಹದಿನಾಲ್ಕು ಬೀಗ. ಒಣಹಾಕಿದ ಒಂದು ಬಟ್ಟೆಯೂ ಇಲ್ಲ. ಎದುರು ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುದುಕಿಯನ್ನು ಕೇಳಿದರೆ, ಯಾರೋ ಬತ್ತರೆ ಹೋಯ್ತರೆ, ಮುಖ ಗುರುತಿಲ್ಲ ಕಣವ್ವ ಎಂದುಬಿಟ್ಟಳು. ಎರಡು ದಿನ ಬಿಟ್ಟು ಮತ್ತೆ ಹೋದಳು. ಮತ್ತೆ ಬೀಗ. ಮನೆಗೆ ಬಂದು ಅರ್ಜಿಗಳ ಮೂಲೆಯಲ್ಲಿ ಪೆನ್ಸಿಲಿನಿಂದ 'ವಾಸವಿಲ್ಲ' ಎಂದು ಬರೆಯಲು ಶುರುಮಾಡಿದಳು. ಒಂಬತ್ತನೆಯದಕ್ಕೆ ಬಂದಾಗ ಕೈ ನಿಂತಿತು. ಬೀಗ ಎಲ್ಲವೂ ಸವೆದು ಹೊಳೆಯುತ್ತಿದ್ದವಲ್ಲ, ತುಕ್ಕು ಹಿಡಿದ ಒಂದೂ ಇರಲಿಲ್ಲವಲ್ಲ ಎಂಬುದು ನೆನಪಾಯಿತು.

ಮೊದಲು ಪುಟ್ಟಸ್ವಾಮಿಯನ್ನೇ ಕೇಳಿಬಿಡೋಣ ಎಂದು ಹೋದಳು. ಅರ್ಜಿ ಎಂದದ್ದೇ ಅವನ ಮುಖ ಕಪ್ಪಿಟ್ಟಿತು. ತನಗೇನೂ ಗೊತ್ತಿಲ್ಲ, ತಾನು ಯಾರ ಹತ್ತಿರವೂ ಬರೆಸಿಲ್ಲ ಎಂದ. ನಟಿಸುತ್ತಿದ್ದಾನೆ ಎಂದುಕೊಂಡಳು. ಬಾಡಿಗೆ ಕರಾರಿದ್ದರೆ ತೋರಿಸು ಎಂದಾಗ ಮಾತ್ರ ಅವನ ದನಿಯಲ್ಲಿ ನಿಜವಾದ ಭಯ ಕೇಳಿಸಿತು.

"ಕರಾರೂ ಇಲ್ಲ, ರಶೀದಿನೂ ಇಲ್ಲ. ಈವತ್ತು ಓಟು ಬರೆಸ್ಕತರೆ, ನಾಳೆ ರೂಮೂ ನಮ್ದೇ ಅಂತರೆ. ನೀವು ಆ ಅರ್ಜಿ ವಾಪಸ್ ಕಳ್ಸಿ ಟೀಚರಮ್ಮ."

ಗಿರಿಜಾಂಬ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಳು. ಹಾವು ಮುಂಗುಸಿಯಂತಿದ್ದ ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. ಹಾಗಾದರೆ ಬರೆದ ಕೈ ಯಾರದು?

ಭಾನುವಾರ ಬೆಳಗ್ಗೆ ಎಂಟಕ್ಕೆಲ್ಲ, ಯಾರಿಗೂ ಹೇಳದೆ ವಠಾರಕ್ಕೆ ಹೋದಳು. ಹದಿನಾಲ್ಕು ಬಾಗಿಲೂ ತೆರೆದಿದ್ದವು. ಅಂಗಳದ ತುಂಬ ಹೆಂಗಸರು, ಬಕೆಟ್ಟು, ನೆನೆಸಿದ ಬಟ್ಟೆ. ತಾಲ್ಲೂಕು ಕಚೇರಿ ಕೆಲಸಕ್ಕೆ ಬಂದೆನೆಂದಾಗ ಒಬ್ಬಳು ಸರಸರನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೊನೆಗೆ ನಡುವಯಸ್ಸಿನ ಹೆಂಗಸೊಬ್ಬಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. ಹೆಸರು ಸಿದ್ದಮ್ಮ, ಊರು ಮಾನ್ವಿ ಕಡೆ. ಗಾರ್ಮೆಂಟ್ಸಿನ ಬಸ್ಸು ಬೆಳಗ್ಗೆ ಏಳಕ್ಕೆ ಕರೆದೊಯ್ದು ಸಂಜೆ ಏಳೂವರೆಗೆ ತಂದು ಬಿಡುತ್ತದೆ, ನಡುವೆ ಬಂದರೆ ಬೀಗವಲ್ಲದೆ ಇನ್ನೇನು ಕಾಣುತ್ತದೆ ಎಂದಳು.

"ಮೂರ್ ವರ್ಷಾತ್ರಿ ಅಕ್ಕಾರ. ಇಲ್ಲೇ ಉಣ್ತೀವಿ, ಇಲ್ಲೇ ಮಲಗ್ತೀವಿ. ಮತ್ತೆ ಎಲ್ಲ್ಯವರು ಅನ್ಬೇಕ್ರಿ ನಮಗ?"

ಗಿರಿಜಾಂಬ ಅಷ್ಟಕ್ಕೇ ನಂಬಲಿಲ್ಲ. ಭಾನುವಾರಕ್ಕೆಂದೇ ಜನ ತಂದು ಕೂರಿಸುವುದು ಪುಟ್ಟಸ್ವಾಮಿಯಂಥವರಿಗೆ ಏನು ಕಷ್ಟ ಎಂದುಕೊಂಡು ಒಂದೊಂದೇ ರೂಮಿಗೆ ನುಗ್ಗಿದಳು. ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಟ್ರಂಕು ತೆಗೆಸಿದಳು. ಪ್ರತಿ ರೂಮಿನಲ್ಲೂ ಒಲೆಯ ಮೇಲಿನ ಗೋಡೆಯಲ್ಲಿ ಬೆರಳು ಹಚ್ಚಿದರೆ ಅಂಟುವ ದಪ್ಪ ಮಸಿ ಕೂತಿತ್ತು. ಒಂದು ದಿನಕ್ಕೆ, ಒಂದು ತಿಂಗಳಿಗೆ ಅಂಥ ಮಸಿ ಕೂರುವುದಿಲ್ಲ. ಸೆರಗಿಗೆ ಬೆರಳು ಒರೆಸಿಕೊಂಡು ಹೊರಗೆ ಬಂದಳು.

ಅರ್ಜಿ ಬರೆದವರು ಯಾರು ಎಂದು ಕೇಳಿದಳು. ಹಿಂದಿನಿಂದ ಒಬ್ಬಳು ತಾನು ಎಂದಳು. ಸಿಂಧನೂರಿನ ಮಜೀದಾ. ಇಪ್ಪತ್ತಮೂರು, ಇಪ್ಪತ್ತನಾಲ್ಕಿರಬಹುದು. ಗಿರಿಜಾಂಬ ಒಂದು ಕಾಗದ ಕೊಟ್ಟು ಹೆಸರು ಬರೆಸಿದಳು. ಬಾಲ ಉದ್ದ ಎಳೆದ ಅದೇ 'ಮ'.

ಯಾರು ಹೇಳಿ ಬರೆಸಿದರು ಎಂದು ಗದರಿದಳು. ಯಾರೂ ಇಲ್ಲ ಎಂದಳು ಮಜೀದಾ. ಹೋದ ಬೇಸಿಗೆಯಲ್ಲಿ ವಠಾರಕ್ಕೊಂದು ನಲ್ಲಿ ಕೊಡಿ ಎಂದು ಎಲ್ಲರೂ ಸೇರಿ ಮೆಂಬರ ಮನೆಗೆ ಹೋಗಿದ್ದರಂತೆ. ಓಟಿಲ್ಲದವರಿಗೆಲ್ಲ ನಲ್ಲಿ ಕೊಡೋಕೆ ಪಂಚಾಯ್ತಿಯೇನು ಛತ್ರವಾ ಎಂದು ಅನಂತರಾಜು ಅಂಗಳದಿಂದಲೇ ಕಳಿಸಿದನಂತೆ. ಹಾಗಾದರೆ ಓಟನ್ನೇ ಮಾಡಿಸಿಕೊಳ್ಳೋಣ ಎಂದು ಅವಳು ಕನಕಪುರಕ್ಕೆ ಹೋಗಿ ಅರ್ಜಿ ತಂದಳಂತೆ.

ಗಿರಿಜಾಂಬ ಕಟ್ಟನ್ನು ಮತ್ತೊಮ್ಮೆ ತಿರುವಿ ಹಾಕಿದಳು. ಮಜೀದಾಳ ಹೆಸರು ಅದರಲ್ಲಿರಲಿಲ್ಲ. ಹೊಸ ಅನುಮಾನ ಹುಟ್ಟಿತು.

"ಎಲ್ರುದ್ದೂ ಬರ್ದಿದೀಯ. ನಿನ್ನ ಅರ್ಜಿ ಎಲ್ಲಮ್ಮ?"

"ನಂದು ಹಾಕಿಲ್ರೀ. ನನ್ನ ಹೆಸ್ರು ಸಿಂಧನೂರಾಗ ಐತಿ, ಅದನ್ನ ತೆಗಿಸಾಕ ಅಮ್ಮ ಒಪ್ಪವಲ್ಲಳು. ಎರಡೂ ಕಡೆ ಇರಬಾರ್ದಂತ ಅರ್ಜಿ ಹಿಂದ ಬರ್ದೈತಲ್ರೀ."

ಇನ್ನೂ ಆರು ಜನರನ್ನು ಅವಳು ಅದೇ ಕಾರಣಕ್ಕೆ ವಾಪಸ್ ಕಳಿಸಿದ್ದಳು. ಜನವರಿ ಒಂದಕ್ಕೆ ಹದಿನೆಂಟು ತುಂಬದ ಇಬ್ಬರಿಗೆ ಮುಂದಿನ ವರ್ಷ ಎಂದಿದ್ದಳು. ಗಿರಿಜಾಂಬ ಎರಡು ವರ್ಷದಿಂದ ಆ ಅರ್ಜಿ ಹಂಚುತ್ತಿದ್ದವಳು. ಅದರ ಹಿಂಬದಿಯನ್ನು ಪೂರ್ತಿ ಓದಿರಲಿಲ್ಲ.

ಅಂದು ಮನೆಗೆ ಬಂದು ಊರಿನ ಪಟ್ಟಿಯನ್ನೇ ಹರಡಿಕೊಂಡು ಕೂತಳು. ಇದುವರೆಗೆ ಅವಳ ಅನುಮಾನವೆಲ್ಲ ಹೊಸ ಹೆಸರುಗಳ ಮೇಲಿತ್ತು. ಈಗ ಹಳೆಯವುಗಳ ಮೇಲೆ ಹರಿಯಿತು. ಅನಂತರಾಜುವಿನ ತಮ್ಮ ನಾಗರಾಜು ಜಮೀನು ಕೊಟ್ಟು ಸಂಸಾರ ಸಮೇತ ಕೆಂಗೇರಿ ಸೇರಿ ನಾಲ್ಕು ವರ್ಷ. ಐದು ಓಟು ಹಾಗೇ ಇದ್ದವು, ಎಲೆಕ್ಷನ್ ದಿನ ಕಾರಿನಲ್ಲಿ ಬಂದು ಒತ್ತಿ ಹೋಗುತ್ತಿದ್ದರು. ಆ ಐದೂ ಸೇರಿ ಅಂಥ ಹತ್ತು ಹೆಸರು ಸಿಕ್ಕವು. ಹನ್ನೊಂದನೆಯದು ಅವಳ ಮನೆಯದೇ. ಮಗಳು ಕವನಳನ್ನು ಮಾಗಡಿ ತಾಲ್ಲೂಕಿನ ಸೋಲೂರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಇರಲಿ ಬಿಡು, ಮಗಳ ಹೆಸರು ತವರಿನಲ್ಲೂ ಇರಲಿ ಎಂದು ಅವಳೇ ಬಿಟ್ಟಿದ್ದಳು.

ಗಿರಿಜಾಂಬ ಹೆಸರು ತೆಗೆಯುವ ನಮೂನೆಗಳಲ್ಲಿ ಮಗಳದನ್ನೇ ಮೊದಲು ಬರೆದಳು. ಬರೆದು, ಫೋನ್ ಮಾಡಿ ಹೇಳಿದಳು.

"ಇಲ್ಲಿ ರೇಷನ್ ಕಾರ್ಡಿಗೇ ನನ್ನ ಹೆಸರು ಇನ್ನೂ ಹಾಕಿಸಿಲ್ಲಮ್ಮ," ಎಂದಳು ಕವನ. ಯಾಕೆ ಎಂದರೆ ಏನೋ ಮಾತು ತೇಲಿಸಿ ಫೋನಿಟ್ಟಳು.

ಕನಕಪುರದ ತಾಲ್ಲೂಕು ಕಚೇರಿಯಲ್ಲಿ ಅರ್ಜಿಗಳ ವಿಚಾರಣೆ ನಡೆದ ದಿನ ಅನಂತರಾಜು ವಕೀಲರನ್ನೇ ಕರೆತಂದಿದ್ದ. ಹೊರಗಿನವರು ಊರನ್ನೇ ನುಂಗುತ್ತಾರೆ ಎಂದು ವಕೀಲರು ವಾದಿಸಿದರು. ಅಧಿಕಾರಿ ಗಿರಿಜಾಂಬಳ ವರದಿ ಓದಿ, ನೀವು ಕಣ್ಣಾರೆ ಕಂಡಿದ್ದೀರಾ ಎಂದು ಕೇಳಿದರು. ಕಂಡಿದ್ದೇನೆ, ಅಲ್ಲೇ ವಾಸ ಇದ್ದಾರೆ ಎಂದು ಅವಳು ಎಲ್ಲರೆದುರು ಹೇಳಿ ಸಹಿ ಹಾಕಿದಳು. ಕಾರ್ಖಾನೆ ರಜೆ ಕೊಡದೆ ನಾಲ್ವರು ಬಂದಿರಲಿಲ್ಲ, ಅವರ ಅರ್ಜಿ ಬಿದ್ದುಹೋಯಿತು. ಇಪ್ಪತ್ತೆರಡು ನಿಂತವು. ನಾಗರಾಜು ಊರಿನ ಹಳೇ ರೇಷನ್ ಕಾರ್ಡು ತೋರಿಸಿ ತನ್ನ ಐದೂ ಹೆಸರು ಉಳಿಸಿಕೊಂಡ, ಉಳಿದ ಐವರೂ ಅದೇ ದಾರಿ ಹಿಡಿದರು. ಕವನಳ ಹೆಸರು ಮಾತ್ರ ಯಾವ ತಕರಾರೂ ಇಲ್ಲದೆ ಹೋಯಿತು.

ಮೇ ತಿಂಗಳಲ್ಲಿ ಆ ಇಪ್ಪತ್ತೆರಡು ಹೆಂಗಸರು ಬೂತಿನ ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಂತಿದ್ದರು. ಅನಂತರಾಜುವಿನ ಹೆಂಡತಿ ಏಳು ಓಟಿನಿಂದ ಗೆದ್ದಳು. ವಠಾರದವರು ನಲ್ಲಿಯ ಆಸೆಗೆ ಮೆಂಬರಿಗೇ ಹಾಕಿದರು ಎಂದು ಪುಟ್ಟಸ್ವಾಮಿ ಬಾಡಿಗೆ ಏರಿಸಿದ. ಅವರು ತನಗೆ ಹಾಕದ್ದಕ್ಕೇ ಇಷ್ಟು ಕಮ್ಮಿಯಲ್ಲಿ ಗೆಲ್ಲಬೇಕಾಯಿತು ಎಂದು ಅನಂತರಾಜು ಹಲ್ಲು ಕಡಿದ. ನಲ್ಲಿಗೆ ಗುಂಡಿ ತೋಡಿದರು, ಪೈಪು ಬರಲು ಇನ್ನೊಂದು ವರ್ಷ ಹಿಡಿಯಿತು. ಯಾರಿಗೆ ಒತ್ತಿದಿರಿ ಎಂದು ಗಿರಿಜಾಂಬ ಒಮ್ಮೆ ಸಿದ್ದಮ್ಮನನ್ನು ಕೇಳಿಯೂಬಿಟ್ಟಳು. ಸಿದ್ದಮ್ಮ ಅವಳ ಮುಖವನ್ನು ಒಂದು ಗಳಿಗೆ ಅಳೆದು ನೋಡಿ, ಅದನ್ನ ಹೇಳಬಾರ್ದಂತಲ್ರಿ ಎಂದು ಕೊಡ ಎತ್ತಿಕೊಂಡಳು.

ಟೀಚರಮ್ಮ ಎಷ್ಟು ತಿಂದಳೋ ಎಂಬ ಮಾತು ಊರಿನಲ್ಲಿ ಹರಿದಾಡಿತು. ನಾಲ್ಕೈದು ಮನೆಯವರು ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನೇ ಬಿಟ್ಟರು. ಅದು ಅವಳನ್ನು ಅಷ್ಟಾಗಿ ಕೊರೆಯಲಿಲ್ಲ. ಫೋನಿನಲ್ಲಿ ಮಗಳು ಮಾತು ತೇಲಿಸಿದ್ದು ಕೊರೆಯುತ್ತಿತ್ತು. ಆ ಮೇ ತಿಂಗಳಲ್ಲಿ ಕವನಳಿಗೆ ಎಲ್ಲಿಯೂ ಓಟಿರಲಿಲ್ಲ.

ಜೂನ್ ಮೊದಲ ವಾರ ಮತದಾರರ ಪಟ್ಟಿಯ ಅರ್ಜಿಯೊಂದನ್ನು ಚೀಲದಲ್ಲಿಟ್ಟುಕೊಂಡು ಗಿರಿಜಾಂಬ ಬಸ್ಸು ಬದಲಿಸಿ ಬದಲಿಸಿ ಸೋಲೂರಿಗೆ ಹೋದಳು. ಊಟವಾದ ಮೇಲೆ, ಕವನಳ ಹೆಸರು ಇಲ್ಲಿ ಯಾಕೆ ಎಲ್ಲೂ ಸೇರಿಸಿಲ್ಲ ಎಂದು ಬೀಗಿತ್ತಿಯನ್ನು ನೇರವಾಗಿಯೇ ಕೇಳಿದಳು. ಬೀಗಿತ್ತಿ ಮೊದಲು ಆಯ್ತು ನೋಡೋಣ ಎಂದಳು, ಆಮೇಲೆ ಬಾಯಿಬಿಟ್ಟಳು. ಹೆಸರು ಸೇರಿದರೆ ನಾಳೆ ಸೊಸೆ ಬೇರೆ ಕಾರ್ಡು ಕೇಳುತ್ತಾಳೆ, ಬೇರೆ ಮನೆ ಕೇಳುತ್ತಾಳೆ ಎಂಬ ಗುಮಾನಿ ಅವಳಿಗೆ. ಗಿರಿಜಾಂಬ ವಾದಕ್ಕಿಳಿಯಲಿಲ್ಲ. ಅರ್ಜಿಯನ್ನು ಮಗಳ ಮುಂದಿಟ್ಟು, ನೀನೇ ಬರಿ, ನಿನ್ನ ಕೈಯಲ್ಲೇ ಬರಿ ಎಂದಳು.

ಕವನ ಅತ್ತೆಯ ಕಡೆ ನೋಡಿದಳು. ಆಮೇಲೆ ಪೆನ್ನು ತೆಗೆದುಕೊಂಡಳು. ಊರಿನ ಹೆಸರಿನ ಜಾಗದಲ್ಲಿ 'ಸೋಲೂರು' ಎಂದು ಬರೆಯುವವರೆಗೂ ಬೀಗಿತ್ತಿ ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡಿದಳು.