ಎಮ್ಮೆಗುಂಡಿನ ತಿರುವಿನಲ್ಲಿ ಜಾಗ ಯಾರಿಗೆ?

“ಎಮ್ಮಿಗುಂಡಿಗೆ ಮಾವ ಯಾರು, ಅಳಿಯ ಯಾರು ಅಂತ ಗೊತ್ತಾಗಂಗಿಲ್ಲ ತಂಗಿ. ಬಂದು ಬಡದಾವನ್ನ ಒಡಿತದ, ಅಷ್ಟ ಅದಕ್ಕ ಗೊತ್ತು,” ಎಂದ ಹನುಮಂತ್ರಾಯ, ಕರೆಮ್ಮ ಕೊಟ್ಟ ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತ.

ಎಮ್ಮೆಗುಂಡು ಎಂದರೆ ಗೂಗಲ್ ಊರಿನ ದಂಡೆಯಿಂದ ಕಾಣುವ ಬಂಡೆ. ಕೃಷ್ಣೆಯ ನಡುವೆ ಎಮ್ಮೆ ಮಲಗಿದ ಹಾಗಿದೆ. ಪ್ರತಿ ಜನವರಿ ಇಪ್ಪತ್ತಾರಕ್ಕೆ ಊರ ಅಂಬಿಗರ ಹರಗೋಲು ಓಟ. ದಂಡೆಯಿಂದ ಹೊರಟು, ಎಮ್ಮೆಗುಂಡನ್ನು ಎಡಗೈಗೆ ಇಟ್ಟುಕೊಂಡು ಸುತ್ತಿ, ಮರಳಿ ದಂಡೆ ಮುಟ್ಟಬೇಕು.

ಹೋದ ವರ್ಷ, ಎಪ್ಪತ್ತೆಂಟರ ಓಟದಲ್ಲಿ, ಅವಳ ಗಂಡ ಅಂಬಣ್ಣ, ಅವಳ ತಮ್ಮ ತಾಯಣ್ಣ ಇಬ್ಬರೂ ಗುಂಡಿನ ಹತ್ತಿರ ಜೋಡಿಯಾಗಿ ಬಂದರು. ಅಕ್ಕನ ಗಂಡ ಮಾವ, ಹೆಂಡತಿಯ ತಮ್ಮ ಅಳಿಯ, ಊರ ಲೆಕ್ಕ ಅದು. ಗುಂಡಿನ ಕಡೆಗೆ ತಾಯಣ್ಣ. ಅಕ್ಕನ ಗಂಡ, ಹಿರಿಯ ಮನುಷ್ಯ, ಮುಂದೆ ಹೋಗಲಿ ಎಂದು ಅವನು ಹುಟ್ಟು ಎತ್ತಿ ಹಿಡಿದ.

“ನೀವು ನಡೀರಿ ಮಾವಾ!”

ಅಂಬಣ್ಣನೇನು ಕಡಿಮೆಯೇ? ತಾನೂ ಹುಟ್ಟು ಎತ್ತಿದ. “ಏ, ನೀ ನಡಿಯೋ! ಸಣ್ಣಾವ ನೀ!”

“ಛೇ ಛೇ, ಮೊದಲ ನೀವು!”

ಮರ್ಯಾದೆ ಮುಗಿಯುವಷ್ಟರಲ್ಲಿ ನೀರಿನ ಸೆಳವು ಎರಡೂ ಹರಗೋಲನ್ನು ಗುಂಡಿಗೆ ಅಪ್ಪಳಿಸಿತು. ತಾಯಣ್ಣನ ಕೈ ಮುರಿಯಿತು. ಮಾವ ಒತ್ತಿದ ಎಂದರು ತವರಿನವರು. ಅಳಿಯ ಅಡ್ಡ ನಿಂತ ಎಂದರು ಗಂಡನ ಮನೆಯವರು. ಅಂದಿನಿಂದ ತಾಯಣ್ಣ ಅಕ್ಕನ ಮನೆಗೆ ಬಂದಿಲ್ಲ. ಒಂದೇ ಓಣಿ, ನಡುವೆ ನಾಲ್ಕೇ ಮನೆ. ತಮ್ಮ ಬಂದು ತನ್ನ ಕೈಯ ಒಂದು ತುತ್ತು ಉಣ್ಣಲಿ, ಕರೆಮ್ಮನಿಗೆ ಬೇಕಾದದ್ದು ಅಷ್ಟೇ. ಈ ಸಲವೂ ಇಬ್ಬರೂ ಓಟಕ್ಕೆ ಹೆಸರು ಕೊಟ್ಟಿದ್ದರು. ಇನ್ನೊಂದು ಪೆಟ್ಟು ಬಿದ್ದರೆ ಮುಗಿಯಿತು, ತವರು ಹರಿದ ಹಾಗೆಯೇ.

ಅದಕ್ಕೇ, ತಿರುವಿನ ಕಾಯಿದೆ ಹೇಳಿಕೊಡಲಿ ಎಂದು, ಅವಳು ಹನುಮಂತ್ರಾಯನನ್ನು ಕರೆಸಿದ್ದಳು. ಹದಿನೈದು ವರ್ಷ ನೌಕಾದಳದಲ್ಲಿದ್ದು ಬಂದವನು. ಮುಂಬಯಿಯಲ್ಲಿ ಹಾಯಿದೋಣಿಗಳ ಪಂದ್ಯದಲ್ಲಿ ತಾನೇ ಹಗ್ಗ ಹಿಡಿದವನು. ಆದರೂ ಬಡಾಯಿಯ ಮನುಷ್ಯನಲ್ಲ. ಕೇಳಿದರೆ ಮಾತ್ರ ಹೇಳುತ್ತಿದ್ದ, ಹೇಳಿದರೆ ಕೂಸಿಗೂ ತಿಳಿಯುವಂತೆ ಹೇಳುತ್ತಿದ್ದ.

ಮೂಲೆಯಲ್ಲಿ ಹುಟ್ಟು ಹೆರೆಯುತ್ತಿದ್ದ ಅಂಬಣ್ಣ ಮೂಗು ಮುರಿದ. “ಅದು ಸಮುದ್ರ ಕಾಕಾ, ಸಾಹೇಬ ಮಂದಿ ಆಟ. ನಮ್ಮ ಹರಗೋಲಕ್ಕ ಹಾಯಿ ಇಲ್ಲ, ಮೂತಿ ಇಲ್ಲ. ಅದಕ್ಕೆಂಥಾ ಕಾಯಿದೆ?”

“ಮೂತಿ ಇಲ್ಲಂದ್ರೂ ಮೈ ಅದ ಇಲ್ಲೋ? ತಂಗಿ, ಒಂದು ಕುಟ್ಟಾಣಿ ತಾ, ಎರಡು ಮುಚ್ಚಳ ತಾ.”

ಕುಟ್ಟಾಣಿ ಗುಂಡಾಯಿತು. ಮುಚ್ಚಳಗಳು ಹರಗೋಲಾದವು. ಹನುಮಂತ್ರಾಯ ನೆಲದ ಮೇಲೆ ಅವನ್ನು ಮೆಲ್ಲಗೆ ಸರಿಸಿದ.

“ಗುಂಡು ಇನ್ನ ಎರಡು ಹರಗೋಲದಷ್ಟು ದೂರ ಇರೋವಾಗ್ಲೇ ನೋಡಿಬಿಡಬೇಕು. ಅಲ್ಲಿ ಇಬ್ಬರೂ ಮಗ್ಗಲಿಗೆ ಮಗ್ಗಲು ಇದ್ರಿ ಅಂತಿಟ್ಕೋ, ಗೇಣಷ್ಟು ಜೋಡಾಗಿದ್ರೂ ಸಾಕು, ಗುಂಡಿನ ಕಡಿ ಇರಾವ ಒಳಗಿನಾವ. ಅವ ತಿರುಗಾಕ ಹೊರಗಿನಾವ ಜಾಗ ಬಿಡಬೇಕು.”

“ನಾ ಪೂರಾ ಮುಂದಿದ್ದರ?”

“ಹಂಗಾದ್ರ ಮೊದಲ ತಿರುಗೋದು ನೀನು. ಹಿಂದಿನಾವ ಕಡೀ ಗಳಿಗ್ಯಾಗ ಸಂದಿ ಸಿಕ್ತು ಅಂತ ತೂರಬಾರದು.”

“ಒಳಗಿರಾವ ನನಗಿಂತ ಸಣ್ಣಾವ ಇದ್ದರ?”

“ನಿನ್ನ ಹಿರಿತನ ದಂಡಿ ಮ್ಯಾಲ ಬಿಚ್ಚಿಟ್ಟು ಹೋಗಪ್ಪಾ. ಓಟ ಮುಗದ ಮ್ಯಾಲ ಹಾಕ್ಕೊಳ್ಳುವಂತಿ.”

ಕರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹನುಮಂತ್ರಾಯ ಮುಂದುವರಿಸಿದ. “ಜಾಗ ಸಿಕ್ತು ಅಂತ ಒಳಗಿನಾವ ಹೊಳಿ ಎಲ್ಲಾ ನಂದು ಅನ್ನಂಗಿಲ್ಲ. ತಿರುಗಾಕ ಎಷ್ಟು ಬೇಕೋ ಅಷ್ಟ. ಆದ್ರ ನಿಂದ್ರಂಗೂ ಇಲ್ಲ. ಮರ್ಯಾದಿ ಕೊಡ್ತೀನಿ ಅಂತ ನಿಂತಾವ ಇಬ್ಬರನ್ನೂ ಮುಳುಗಸ್ತಾನ. ತಪ್ಪು ಯಾರದ ಇರಲಿ, ಡಿಕ್ಕಿ ತಪ್ಪಿಸೋದು ಇಬ್ಬರ ಕೆಲಸ. ತಪ್ಪು ಮಾಡಿದಾವ ದೂರ ಸರದು ಎರಡು ಗಿರಕಿ ಹೊಡದು, ಆಮ್ಯಾಲ ಮುಂದ ಹೋಗಬೇಕು.”

“ಗಿರಕಿ?” ಅಂಬಣ್ಣ ಹೋ ಎಂದು ನಕ್ಕ. “ನಮ್ಮ ಜೋಡಿ ಓಡೋ ಪರಮಣ್ಣನ ಹರಗೋಲ ತಪ್ಪು ಮಾಡದನ ಹತ್ತು ಗಿರಕಿ ಹೊಡಿತದಲ್ಲ ಕಾಕಾ!” ನಕ್ಕರೂ ಅವನ ಕಣ್ಣು ಮುಚ್ಚಳಗಳ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ತಾನೇ ಬಗ್ಗಿ ಹೊರಗಿನ ಮುಚ್ಚಳವನ್ನು ಒಂದು ಗೇಣು ಸರಿಸಿ ನೋಡಿದ.

ಅಂದೇ ಕರೆಮ್ಮ ಕುಟ್ಟಾಣಿ, ಮುಚ್ಚಳ ಸೆರಗಿನಲ್ಲಿ ಕಟ್ಟಿಕೊಂಡು, ಹನುಮಂತ್ರಾಯನನ್ನು ಹೊರಡಿಸಿಕೊಂಡು ತಮ್ಮನ ಮನೆಗೆ ನಡೆದಳು. ತಾಯಣ್ಣ ಎಲ್ಲ ಕೇಳಿದ. ಕೇಳಿ ತಲೆ ಕೆರೆದುಕೊಂಡ.

“ಎಲ್ಲಾ ಖರೆ ಅಕ್ಕಾ. ಆದ್ರ ಹೊಳ್ಯಾಗ ಮಾವಗ ಏನಂತ ಕೂಗಲಿ? ‘ಜಾಗ ಬಿಡು’ ಅಂದ್ರ ಊರು ಉಗುಳತದ. ‘ಮಾವಾರ, ಸ್ವಲ್ಪ ಜಾಗ ಬಿಡ್ರೆಲ್ಲ’ ಅನ್ನೋದ್ರಾಗ ಗುಂಡು ಬಂದು ಮುಕಳಿಗೆ ಬಡದಿರ್ತದ!”

ಹನುಮಂತ್ರಾಯನಿಗೆ ಇದು ಹೊಸದು. ಮುಂಬಯಿಯಲ್ಲಿ ಈ ತೊಡಕು ಬಂದೇ ಇರಲಿಲ್ಲ.

ಕರೆಮ್ಮ ಒಳಗಿನ ಮುಚ್ಚಳವನ್ನು ಬೆರಳಿನಿಂದ ತಟ್ಟಿದಳು. “ಬರೇ ‘ಜಾಗಾ!’ ಅನ್ನೋ. ‘ಬಿಡು’ನೂ ಬ್ಯಾಡ, ‘ಬಿಡ್ರಿ’ನೂ ಬ್ಯಾಡ. ಅದರಾಗ ಸಣ್ಣಾವ ಎಲ್ಲಿದ್ದಾನ, ದೊಡ್ಡಾವ ಎಲ್ಲಿದ್ದಾನ?”

ಹನುಮಂತ್ರಾಯ ಅವಳನ್ನೇ ನೋಡಿದ. “ಹದಿನೈದು ವರ್ಷ ಉಪ್ಪುನೀರು ಕುಡದೀನಿ. ಇದು ನನಗ ಹೊಳೀಲಿಲ್ಲ ನೋಡವ್ವಾ,” ಎಂದು ಕೈ ಮುಗಿದುಬಿಟ್ಟ.

ಓಟದ ಮುಂಜಾನೆ, ಹೆಸರು ಕೊಟ್ಟ ಆರೂ ಅಂಬಿಗರನ್ನು ದಂಡೆಯ ಉಸುಕಿನಲ್ಲಿ ಕೂರಿಸಿಕೊಂಡು ಅವನು ಇದನ್ನೇ ಮತ್ತೆ ತೋರಿಸಿದ. ‘ಜಾಗಾ’ ಎಂಬ ಮಾತನ್ನು ಎಲ್ಲರೂ ಒಪ್ಪಿದರು. ಹರಗೋಲುಗಳು ಹೊರಟವು. ಗುಂಡು ಹತ್ತಿರವಾದಾಗ ಎಲ್ಲರಿಗಿಂತ ಮುಂದೆ ಇದ್ದವರು ಮತ್ತೆ ಅವರಿಬ್ಬರೇ, ಒಳಗೆ ತಾಯಣ್ಣ, ಹೊರಗೆ ಅಂಬಣ್ಣ. ಕರೆಮ್ಮ ಮೊಣಕಾಲು ಮಟ್ಟ ನೀರಿಗೆ ಇಳಿದು ನಿಂತಿದ್ದಳು. ತಮ್ಮನ ಹುಟ್ಟು ಅರ್ಧ ಮೇಲೆದ್ದಿತು. ಹಳೆಯ ಮರ್ಯಾದೆಯೇ ಅದು. ಆದರೆ ಅಷ್ಟರಲ್ಲೇ ತಾಯಣ್ಣ ಕೂಗಿದ.

“ಜಾಗಾ!”

ಹುಟ್ಟು ನೀರಿಗೆ ಬಿತ್ತು. ಅಂಬಣ್ಣ ಹಲ್ಲು ಕಚ್ಚಿ ತನ್ನ ಹರಗೋಲನ್ನು ಹೊರಗೆ ಎಳೆದ. ನಡುವೆ ನೀರು ಬಿಚ್ಚಿಕೊಂಡಿತು. ತಾಯಣ್ಣ ಗುಂಡನ್ನು ಸವರದೆ, ಮಾವನನ್ನು ತಾಕದೆ ತಿರುಗಿಬಿಟ್ಟ. ಒಂದು ಮಾರು ಮೊದಲು ದಂಡೆ ಮುಟ್ಟಿದವನೂ ಅವನೇ.

ಸೋತ ಅಂಬಣ್ಣ ಹರಗೋಲಿನಿಂದ ಇಳಿದು ಬಂದು ಎಲ್ಲರಿಗೂ ಕೇಳುವಂತೆ ಕೂಗಿದ: “ಗೆದ್ದಾವ ನನ್ನ ಹೆಂಡ್ತಿ ತಮ್ಮ! ಜಾಗ ಬಿಟ್ಟಾವ ನಾನು! ಎರಡೂ ಹೇಳ್ರೆಪಾ ಊರಾಗ!”

ಹರಗೋಲು ಹಾಕುವ ಅಣ್ಣಂದಿರೇ, ಅದರಲ್ಲಿ ಕೂತು ಹೊಳೆ ದಾಟುವ ಅಕ್ಕಂದಿರೇ, ನಿಮ್ಮ ಊರ ಹೊಳೆಯಲ್ಲೂ ಒಂದು ಗುಂಡು ಇದ್ದೀತು. ಓಟದ ದಿನವಿರಲಿ, ಸಂತೆಯ ದಿನವಿರಲಿ, ಅದನ್ನು ಸುತ್ತುವಾಗ ಒಳಗಿನವನಿಗೆ ಜಾಗ ಬಿಡಿ. ಒಳಗಿನವರಾದರೆ ನಾಚದೆ ಕೂಗಿ, ನಿಲ್ಲದೆ ತಿರುಗಿ. ದೂರವಿರುವಾಗಲೇ ನೋಡಿಕೊಳ್ಳಿ. ಮರ್ಯಾದೆ ಕೊಡಲು ದಂಡೆಯ ಮೇಲೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ಅಂದು ಮಧ್ಯಾಹ್ನ ಕರೆಮ್ಮನ ಅಂಗಳದಲ್ಲಿ ಒಬ್ಬ ಬಂದು ನಿಂತ.

“ಅಕ್ಕಾ, ಏನು ಮಾಡೀದಿ?”

“ಪುಂಡಿಪಲ್ಯ, ರೊಟ್ಟಿ. ಯಾಕಲೇ?”

“ಹೊಟ್ಟಿ ಹಸದದ.”

ಕರೆಮ್ಮ ಒಲೆಯ ಮುಂದಿನಿಂದ ಏಳದೆ ಹಂಚಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅಂಬಣ್ಣನೇ ಎದ್ದು, ಹಂಡೆಯಿಂದ ತಂಬಿಗೆ ತುಂಬಿಕೊಂಡು ಹೋಗಿ, ಅಳಿಯನ ಕಾಲ ಮೇಲೆ ನೀರು ಹಾಕಿದ.