ಕುಸುಬಿ ಎಣ್ಣೆ

ದುಂಡಸಿಯ ಭರಮವ್ವ ಕಥೆ ಹೇಳಲು ಕುಂತಳೆಂದರೆ ಅದರಲ್ಲಿ ಒಬ್ಬಳಾದರೂ ಕಳ್ಳ ಸೊಸೆ ಇರಲೇಬೇಕು. ಹುತ್ತಕ್ಕೆ ಎರೆಯಲು ಅತ್ತೆ ಕೊಟ್ಟ ಹಾಲನ್ನು ದಾರಿಯಲ್ಲಿ ತಾನೇ ಗಟಗಟ ಕುಡಿದು, ಹುತ್ತದ ಬಾಯಿಗೆ ಸುಣ್ಣದ ನೀರು ಸುರಿದು ಬಂದ ಸೊಸೆ. ಮನೆಗೆ ಬಂದು ನೋಡಿದರೆ ತೊಟ್ಟಿಲ ಕೂಸು ನೀಲಿಗಟ್ಟಿದೆ. ಮೊಮ್ಮಗಳು ಹೇಮಾ ಈ ಕಥೆ ಕೇಳುತ್ತಲೇ ಬೆಳೆದವಳು. ಮುಂದೆ ಗಂಡ ಪರಮೇಶನ ಜೊತೆ ಬೆಂಗಳೂರಿಗೆ ದುಡಿಯಲು ಹೋದಾಗ, ಅಲ್ಲಿಯ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಸಭೆಯಲ್ಲಿ ಇಬ್ಬರೂ ಬಿಳಿ ಬಟ್ಟೆ ತೊಟ್ಟು, ನೀರಿನಲ್ಲಿ ತಲೆ ಸಮೇತ ಮುಳುಗಿ ಎದ್ದು ದೀಕ್ಷೆ ಪಡೆದರು. ಹುತ್ತವನ್ನೂ ಹಾವನ್ನೂ ಆ ನೀರಿನಲ್ಲೇ ಬಿಟ್ಟು ಬಂದೆನೆಂದುಕೊಂಡಿದ್ದಳು ಹೇಮಾ. ಆ ಸೊಸೆ ಮಾತ್ರ ಅವಳ ಬೆನ್ನು ಬಿಟ್ಟಿರಲಿಲ್ಲ.

ಶಿಗ್ಗಾವಿಗೆ ಮರಳಿ ಪರಮೇಶ ವೆಲ್ಡಿಂಗ್ ಅಂಗಡಿ ಹಾಕಿ ಎರಡು ವರ್ಷವಾಗಿತ್ತು. ಸುತ್ತಮುತ್ತ ಅವರ ಸಭೆಯಿರಲಿಲ್ಲ. ಬೆಂಗಳೂರಿನ ಹಿರಿಯರ ಅಪ್ಪಣೆ ಪಡೆದು ಪ್ರತಿ ರವಿವಾರ ಮನೆಯಲ್ಲೇ ಯೇಸುವಿನ ನೆನಪಿಗೆ ಜೋಳದ ರೊಟ್ಟಿ ಮುರಿದು, ಲೋಟದಲ್ಲಿ ನೀರಿಟ್ಟು, ಮಂಡಿಯೂರಿ ಪ್ರಾರ್ಥಿಸುತ್ತಿದ್ದ. ಅವನ ಕೀಲಿಗೊಂಚಲಿನಲ್ಲಿ ಬೆರಳುದ್ದದ ಒಂದು ಲೋಹದ ಶೀಷೆ ಜೋತಾಡುತ್ತಿತ್ತು. ಅದರಲ್ಲಿದ್ದುದು ಪ್ರಾರ್ಥಿಸಿ ಮೀಸಲಿಟ್ಟ ಆಲಿವ್ ಎಣ್ಣೆ. ಮನೆಯಲ್ಲಿ ಯಾರಾದರೂ ಬೇನೆ ಬಿದ್ದರೆ ಅದರ ಒಂದು ಹನಿಯನ್ನು ನೆತ್ತಿಗೆ ಹಚ್ಚಿ, ಎರಡೂ ಕೈ ತಲೆಯ ಮೇಲಿಟ್ಟು, ಮನಸ್ಸಿಗೆ ಬಂದ ಮಾತಿನಲ್ಲಿ ಆಶೀರ್ವದಿಸಬೇಕು. ಆ ಹೊತ್ತಿನಲ್ಲಿ ಬರುವ ಮಾತು ಮೇಲಿನಿಂದ ಬರುವುದು ಎಂದು ಪರಮೇಶ ನಂಬಿದ್ದ.

ತಿಂಗಳ ಹಿಂದೆ ಹೇಮಾ ಗಂಡನ ಪ್ಯಾಂಟು ಒಗೆಯುವಾಗ ಕಿಸೆಯಲ್ಲಿದ್ದ ಗೊಂಚಲು ನೋಡದೆ ಬಕೀಟಿಗೆ ಹಾಕಿದ್ದಳು. ಮುಚ್ಚಳ ಬಿಚ್ಚಿಕೊಂಡು ಎಣ್ಣೆಯೆಲ್ಲ ಸಾಬೂನಿನ ನೊರೆಗೆ ಕೂಡಿತು. ಗಂಡ ಸಿಟ್ಟು ಮಾಡುವವನಲ್ಲ; ಮುಖ ಸಣ್ಣದು ಮಾಡಿ ಸುಮ್ಮನಾಗುವವನು, ಅದೇ ಅವಳಿಗೆ ಕಷ್ಟ. ಒಲೆಯ ಪಕ್ಕದಲ್ಲಿ ಕುಸುಬಿ ಎಣ್ಣೆಯ ಕ್ಯಾನಿತ್ತು. ಬಣ್ಣ ಹೆಚ್ಚುಕಡಿಮೆ ಅದೇ. ಅದನ್ನೇ ಶೀಷೆಗೆ ತುಂಬಿಟ್ಟಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆಗಳು ಬಂದು ಹೋದವು.

ಗುರುವಾರ ಮೂರು ವರ್ಷದ ಮಗಳು ಸುಜಾತಾಳಿಗೆ ಕೆಂಡದಂಥ ಜ್ವರ ಬಂತು. ಪರಮೇಶ ಶೀಷೆ ಬಿಚ್ಚಿದ. ಹೇಮಾ ಮಗಳ ಹಣೆಯ ಮೇಲಿದ್ದ ಒದ್ದೆ ಬಟ್ಟೆ ತೆಗೆದು ಅವನಿಗೆ ಜಾಗ ಬಿಟ್ಟಳು. ಅವನು ಮಗಳ ತಲೆಯ ಮೇಲೆ ಕೈಯಿಟ್ಟು, "ಜ್ವರ ನಿನ್ನ ಬಿಟ್ಟು ಹೋಗ್ತೈತಿ, ನೀ ಎದ್ದು ಆಡ್ತಿ" ಎಂದ. ಹೇಮಾ ಆಮೆನ್ ಅಂದಳು.

ಸುದ್ದಿ ತಿಳಿದು ದುಂಡಸಿಯಿಂದ ಬಸ್ಸಿಗೆ ಬಂದಿಳಿದ ಭರಮವ್ವ ಕೂಸಿನ ನೆತ್ತಿ ಮೂಸಿ ನೋಡಿದಳು.

"ಒಂದು ಹನಿ ಎಣ್ಣಿಗೆ ಜ್ವರ ಬಿಡ್ತಿದ್ರ ಗಾಣಿಗೇರ ಓಣ್ಯಾಗ ಯಾರೂ ಸಾಯಬಾರದಾಗಿತ್ತು, ಪರಮೇಶಪ್ಪ."

"ಎಣ್ಣಿ ಅಲ್ಲ ಆಯಿ, ನಂಬಿಕಿ."

"ಹಂಗಾರ ಎಣ್ಣಿ ಯಾಕ ಹಚ್ಚಿದಿ?"

ಪರಮೇಶ ನಕ್ಕುಬಿಟ್ಟ. ಶುಕ್ರವಾರ ಮಗಳನ್ನು ಡಾಕ್ಟರರ ಹತ್ತಿರವೂ ಒಯ್ದ. ಔಷಧಿ ಕೊಟ್ಟು, ಸೋಮವಾರ ಮತ್ತೆ ಬರ್ರಿ ಅಂದರು.

ರವಿವಾರ ಬೆಳಿಗ್ಗೆ ಜ್ವರ ಬಿಟ್ಟಿತ್ತು.

ಪರಮೇಶನ ಕಣ್ಣು ತುಂಬಿ ಬಂದವು. ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟು ಗ್ರಂಥ ತೆಗೆದು ಕುಳಿತ. ಆದರೆ ಹೇಮಾ ಮಗಳ ಪಾದ ಹಿಡಿದು ನೋಡಿದಳು. ಹಣೆ ತಣ್ಣಗಿತ್ತು, ಸರಿ. ಪಾದ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಕರೆದರೆ ಅರ್ಧ ಕಣ್ಣು ತೆರೆದು ಮತ್ತೆ ಮುಚ್ಚುತ್ತಿತ್ತು ಕೂಸು. ರಾತ್ರಿಯಿಂದ ಉಚ್ಚೆ ಹೊಯ್ದಿರಲಿಲ್ಲ.

"ಏನ್ರೀ, ಇಕಿ ಮೈ ಯಾಕೋ ಹಿಂಗ ತಣ್ಣಗ ಆಗೇತ್ರಿ."

"ಜ್ವರ ಬಿಟ್ಟ ಮೈ ತಣ್ಣಗ ಆಗದ ಏನಾಗ್ತೈತಿ? ದಣದಾಳ, ಮಲಗಲಿ. ಬಾ, ಓದೂಣು."

ಆ ವಾರದ ಪಾಠ ಯೇಸು ರೋಗಿಗಳನ್ನು ವಾಸಿಮಾಡಿದ ಅಧ್ಯಾಯ. ಪರಮೇಶ ಸಾವಕಾಶ ಓದಿದ. ಹೇಮಾಳ ಕಿವಿಗೆ ಒಂದು ಶಬ್ದವೂ ಇಳಿಯಲಿಲ್ಲ. ಅದು ನಿಜವಾದ ಎಣ್ಣೆಯಾಗಿದ್ದರೆ ಅವಳೂ ಅವನಂತೆ ಹಗುರಾಗಿ ಕೂರುತ್ತಿದ್ದಳೋ ಏನೋ. ಆದರೆ ಬದನೆಕಾಯಿ ಪಲ್ಲೆಗೆ ಹಾಕುವ ಎಣ್ಣೆಗೆ ಜ್ವರ ಬಿಡುವುದುಂಟೆ? ಬಿಟ್ಟಿಲ್ಲ, ಒಳಗೆ ಅಡಗಿ ಕೂತಿದೆ ಎಂದು ಅವಳಿಗೆ ಅನ್ನಿಸತೊಡಗಿತು. ಹುತ್ತದ ಬಾಯೊಳಗೆ ಇಳಿಯುವ ಸುಣ್ಣದ ನೀರು ಕಣ್ಣಿಗೆ ಕಟ್ಟಿತು.

ಓದು ಮುಗಿದ ಮೇಲೆ ಪರಮೇಶ ಪ್ರತಿ ವಾರ ಕೇಳುವ ಪ್ರಶ್ನೆ ಕೇಳಿದ. "ಈ ವಾರ ದೇವರ ಕೈ ಎಲ್ಲಿ ಕಂಡಿ, ಹೇಮಾ?"

ಉತ್ತರ ಹಾಸಿಗೆಯಲ್ಲಿ ಮಲಗಿದೆ ಎನ್ನುವಂತೆ ಅವನು ಮಗಳ ಕಡೆ ನೋಡಿದ. ಹೇಮಾ ಸೆರಗಿನ ತುದಿ ಹಿಂಡಿದಳು.

"ಶೀಷೆದಾಗ ಆ ಎಣ್ಣಿ ಇಲ್ರಿ."

"ಯಾವ ಎಣ್ಣಿ?"

"ಅರಿವಿ ಒಗಿವಾಗ ಚೆಲ್ತು. ನಾ ಕುಸುಬಿ ಎಣ್ಣಿ ತುಂಬಿದೆ. ಹೇಳಾಕ ಹೆದರಿದೆ."

ಪರಮೇಶ ಗೊಂಚಲು ತೆಗೆದು, ಮುಚ್ಚಳ ಬಿಚ್ಚಿ ಮೂಸಿದ. ಮುಖ ಸಣ್ಣದಾಗಲಿಲ್ಲ. ಅವಳು ಅಷ್ಟು ವರ್ಷದಲ್ಲಿ ನೋಡದ ಬೇರೆಯೇ ಏನೋ ಆ ಮುಖದ ಮೇಲೆ ಬಂತು: ಕತ್ತಲ ಕೋಣೆಯಲ್ಲಿ ಯಾರೋ ಇದ್ದಾರೆಂದು ಮಾತಾಡುತ್ತ ಬಂದವನಿಗೆ ಅಲ್ಲಿ ಯಾರೂ ಇಲ್ಲವೇನೋ ಅನ್ನಿಸಿದಾಗಿನ ಮುಖ.

"ಹಂಗಾರ ಎದ್ದು ಆಡ್ತಿ ಅಂತ ಹೇಳಿದ್ದು ಯಾರು?" ಅವನ ದನಿ ಕೇಳದಷ್ಟು ಇಳಿದಿತ್ತು. "ನಾನ ಹೇಳಿದೆನ?"

ಬಾಗಿಲಲ್ಲಿ ಕೂತಿದ್ದ ಭರಮವ್ವ ಎದ್ದು ಬಂದು ಕೂಸಿನ ಉಗುರು ಒತ್ತಿ ನೋಡಿದಳು. ಬಿಳಿಚಿದ ಉಗುರಿಗೆ ಬಣ್ಣ ಬರಲು ತಡವಾಯಿತು. ಕಥೆ ಹೇಳುವವಳ ಬಾಯಿಂದ ಕಥೆ ಹೊರಡಲಿಲ್ಲ.

"ಯಾರು ಹೇಳಿದ್ದು ಅಂತ ಆಮ್ಯಾಲೆ ನೋಡ್ರೆಪಾ. ಮೊದಲ ಗಾಡಿ ತಗೀರಿ."

ತಾಲೂಕು ಆಸ್ಪತ್ರೆಯ ಡಾಕ್ಟರಮ್ಮ ಮಗುವಿನ ನಾಡಿ ಹಿಡಿದವಳೇ ಸಿಸ್ಟರನ್ನು ಕೂಗಿದಳು. ಸಣ್ಣ ಕೈಯಲ್ಲಿ ನರ ಸಿಗಲಿಲ್ಲ. ಮೂರನೆಯ ಸಲ ಸೂಜಿ ಇಳಿಯಿತು.

"ಡೆಂಗ್ಯೂ ಇದ್ದಂಗ ಐತಿ. ಜ್ವರ ಬಿಟ್ಟ ಮ್ಯಾಲೇನ ಇದರ ಅಪಾಯ. ಆರಾಮಾತು ಅಂತ ಮನಿಯಾಗ ಇಟ್ಕೊಂಡಿದ್ರ ಸಂಜೀ ತನಕ ಉಳಿಯೂದು ಕಷ್ಟ ಇತ್ತು. ಈಗೂ ಏನೂ ಹೇಳಾಕ ಆಗೂದಿಲ್ಲ. ಹುಬ್ಬಳ್ಳಿಗೆ ಒಯ್ರಿ."

ಆಂಬುಲೆನ್ಸಿನಲ್ಲಿ ಹಿಡಿಸಿದ್ದು ಇಬ್ಬರೇ. ಭರಮವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಉಳಿದಳು. ಗಾಡಿ ಹೆದ್ದಾರಿಗೆ ಏರಿತು. ಪರಮೇಶ ರೂಢಿಯಂತೆ ಮಗಳ ತಲೆಯ ಮೇಲೆ ಕೈಯಿಟ್ಟ. ಬಾಯಿ ತೆರೆದ. ಆಶೀರ್ವಾದ ಶುರುಮಾಡುವಾಗಿನಂತೆ ಮಗಳ ಪೂರ್ತಿ ಹೆಸರು ಹೇಳಿದ, ಅಲ್ಲಿಗೇ ನಿಂತ. ಗಾಡಿ ಎರಡು ಊರು ದಾಟಿತು, ಮುಂದಿನ ಮಾತು ಬರಲಿಲ್ಲ. ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

"ನನಗ ಆಗವಲ್ದು. ಎಲ್ಲಿ ನಂದ ಮಾತು ಹೇಳಿಬಿಡ್ತೇನೋ ಅಂತ ಹೆದರಿಕಿ ಆಗೇತಿ," ಎಂದ. "ನೀ ಪ್ರಾರ್ಥನಾ ಮಾಡು."

"ನಾನು? ನಂಗ ನಂಬಿಕಿ ಎಷ್ಟೈತಿ ಅಂತ ನಂಗ ತಿಳೀವಲ್ದ್ರಿ."

"ಇದ್ದಷ್ಟು ಮಾಡು."

ಹೇಮಾ ಮಗಳ ಕಾಲಬೆರಳುಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಸಲೈನ್ ಬಾಟಲಿಯಿಂದ ಒಂದೊಂದೇ ಹನಿ ಇಳಿಯುತ್ತಿತ್ತು. ಆ ಕಡೆ ಕೇಳುವವರು ಇದ್ದಾರೋ ಇಲ್ಲವೋ, ಇದ್ದರೆ ಅವಳ ಮೇಲೆ ಸಿಟ್ಟಾಗಿದ್ದಾರೋ, ಏನೊಂದೂ ಅವಳಿಗೆ ಗೊತ್ತಿರಲಿಲ್ಲ.

"ತಂದೀ," ಎಂದಳು. "ನಾ ಹೇಮಾ. ತಪ್ಪು ನಂದು, ಇಕೀದಲ್ಲ." ಪರಮೇಶ ತಲೆ ತಗ್ಗಿಸಿ ಕಾಯುತ್ತಿದ್ದ. ಕಾಲಬೆರಳು ಇನ್ನೂ ತಣ್ಣಗೇ ಇದ್ದವು. ಅವಳು ಆಮೆನ್ ಅನ್ನಲಿಲ್ಲ. ಅಂದರೆ ಮಾತು ಮುಗಿದುಬಿಡುತ್ತದೆಂದು ಹೆದರಿ, ಹುಬ್ಬಳ್ಳಿ ಬರುವವರೆಗೂ ಅದನ್ನೇ ತಿರುತಿರುಗಿ ಹೇಳುತ್ತ ಹೋದಳು.